ಹೆಸರುಗಳನ್ನ ಎಳೆದು ಮೇಲೆ ಕೆಳಗೆ ಮಾಡೋ ಕ್ರಮವನ್ನ ಡೇಟಾಬೇಸಲ್ಲಿ ಹೇಗೆ ಇಡೋದು? (ಜಾಂಗೋ, ಪೋಸ್ಟ್‌ಗ್ರೆಸ್)

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಮದುವೆ ಲಗ್ನಪತ್ರಿಕೆ ಆನ್‌ಲೈನಲ್ಲೇ ಸಿದ್ಧ ಮಾಡ್ಕೊಳ್ಳೋ ಸಣ್ಣ ವೆಬ್ ಆ್ಯಪ್ ಒಂದನ್ನ ಮಾಡ್ತಿದೀನಿ, ಜಾಂಗೋ (ಪೈಥಾನಿನ ವೆಬ್ ಫ್ರೇಮ್‌ವರ್ಕ್) ಮತ್ತೆ ಪೋಸ್ಟ್‌ಗ್ರೆಸ್ (ಡೇಟಾಬೇಸ್) ಬಳಸಿ. ಮುಹೂರ್ತ, ಛತ್ರದ ವಿಳಾಸ ಇವೆಲ್ಲ ಸಲೀಸಾಗಿ ಆಯ್ತು. ಸಿಕ್ಕಾಕೊಂಡಿರೋದು ಕೆಳಗಡೆ 'ಸುಖಾಗಮನ ಬಯಸುವವರು' ಅಂತ ಬರೋ ಹೆಸರುಗಳ ಪಟ್ಟೀಲಿ.

ಈ ಪಟ್ಟಿಗೆ ಅಕಾರಾದಿ ಕ್ರಮ ಹಾಕೋ ಹಾಗಿಲ್ಲ, ವಯಸ್ಸಿನ ಪ್ರಕಾರ ಹಾಕೋಣ ಅಂದ್ರೆ ಅದೂ ನಡೆಯಲ್ಲ. ಒಂದು ಮನೇಲಿ ತಾತ ಅಜ್ಜಿ ಆದ್ಮೇಲೆ ದೊಡ್ಡಪ್ಪ ದೊಡ್ಡಮ್ಮ, ಇನ್ನೊಂದು ಮನೇಲಿ ಸೋದರಮಾವನ ಹೆಸರೇ ಮೊದಲು ಬರ್ಬೇಕು, ಮತ್ತೊಂದು ಕಡೆ ಅಕ್ಕ ಭಾವ ಇಬ್ರ ಹೆಸರೂ ಒಟ್ಟಿಗೇ ಇರ್ಬೇಕು. ಯಾರ ಹೆಸರು ಯಾರಿಗಿಂತ ಕೆಳಗೆ ಬಂತು ಅನ್ನೋದು ಮನೆಯವರಿಗೆ ನಿಜಕ್ಕೂ ದೊಡ್ಡ ವಿಷಯ, ಅದಕ್ಕೆ ಅವರೇ ಎಳೆದು ಜಾಗ ಬದಲಾಯಿಸ್ಕೊಳ್ಳೋ ಹಾಗೆ ಇರ್ಬೇಕು ಅಂತ ನನ್ನಾಸೆ.

ಈಗ ಟೇಬಲಲ್ಲಿ ಐಡಿ, ಪತ್ರಿಕೆಯ ಐಡಿ, ಹೆಸರು, ಸಂಬಂಧ ಇಷ್ಟೇ ಕಾಲಂ ಇರೋದು. ಸೇರಿಸಿದ ಕ್ರಮದಲ್ಲೇ ಬರ್ತಿತ್ತು, ಆದ್ರೆ ಯಾರಾದ್ರೂ ಒಂದು ಹೆಸರಿನ ಇನಿಶಿಯಲ್ ತಿದ್ದಿ ಸೇವ್ ಮಾಡಿದ್ರೆ ಆ ಹೆಸರು ಪಟ್ಟಿ ಕೊನೆಗೆ ಹೋಗಿ ಕೂತ್ಕೊಳ್ತಿದೆ. ಇದ್ಯಾಕೆ? ಮತ್ತೆ ಕ್ರಮಕ್ಕೆ ಅಂತಲೇ ಒಂದು ಕಾಲಂ ಸೇರಿಸಿದ್ರೆ, ಒಂದು ಹೆಸರು ಎಳೆದಾಗೆಲ್ಲ ಉಳಿದ ಸಾಲುಗಳ ನಂಬರನ್ನೂ ಬದಲಾಯಿಸ್ಬೇಕಾ? ಒಂದು ಪತ್ರಿಕೇಲಿ ಇಪ್ಪತ್ತರಿಂದ ಅರವತ್ತು ಹೆಸರು ಇರುತ್ತೆ. ಡೇಟಾ ಆಗ್ಲೇ ಲೈವ್ ಇದೆ.

ಹಳೇಮೈಸೂರು

ಮೊದಲು ಹೆಸರು ಕೊನೆಗೆ ಹೋಗೋ ವಿಷಯ. ಆರ್ಡರ್ ಬೈ (ಯಾವ ಕ್ರಮದಲ್ಲಿ ಬೇಕು ಅಂತ ಹೇಳೋ ಭಾಗ) ಇಲ್ಲದ ಕ್ವೆರಿಗೆ, ಅಂದ್ರೆ ಡೇಟಾ ಕೇಳೋ ಆದೇಶಕ್ಕೆ, ಯಾವ ಕ್ರಮದ ಗ್ಯಾರಂಟಿನೂ ಇಲ್ಲ, ಯಾವ ಡೇಟಾಬೇಸ್ ಆದ್ರೂ ಅಷ್ಟೇ. ಪೋಸ್ಟ್‌ಗ್ರೆಸ್ಸಲ್ಲಿ ಅದು ಬೇಗ ಕಣ್ಣಿಗೆ ಬೀಳುತ್ತೆ, ಯಾಕಂದ್ರೆ ಅಪ್‌ಡೇಟ್ ಅಂದ್ರೆ ಅಲ್ಲಿ ಹಳೇ ಸಾಲಿನ ಮೇಲೇ ತಿದ್ದೋದಲ್ಲ, ಹೊಸ ಪ್ರತಿ ಒಂದನ್ನ ಬೇರೆ ಜಾಗದಲ್ಲಿ ಬರೆದು ಹಳೇದನ್ನ ವ್ಯಾಕ್ಯೂಮ್ ಅನ್ನೋ ಸ್ವಚ್ಛತಾ ಕೆಲಸ ಬಂದು ತೆಗೆಯೋವರೆಗೆ ಹಾಗೇ ಬಿಟ್ಟಿರುತ್ತೆ. ಟೇಬಲನ್ನ ಮೊದಲಿಂದ ಓದ್ಕೊಂಡು ಹೋದಾಗ ಆ ಹೊಸ ಪ್ರತಿ ಸಾಮಾನ್ಯವಾಗಿ ಕೊನೇಲಿ ಸಿಗುತ್ತೆ. ಇನಿಶಿಯಲ್ ತಿದ್ದಿದ ಹೆಸರು ಕೆಳಗೆ ಹೋಗಿದ್ದು ಇದಕ್ಕೇ.

ಕಾಲಂ ಸೇರಿಸ್ಲೇಬೇಕು. ಹೆಸರು ಮಾತ್ರ 'ಆರ್ಡರ್' ಅಂತ ಇಡ್ಬೇಡಿ, ಅದು ಎಸ್‌ಕ್ಯೂಎಲ್ (ಡೇಟಾಬೇಸ್ ಭಾಷೆ) ತನಗೇ ಕಾದಿರಿಸಿದ ಪದ, ಜಾಂಗೋ ತಾನೇ ಕೋಟ್ಸ್ ಹಾಕಿ ಸಂಭಾಳಿಸುತ್ತೆ ನಿಜ, ಆದ್ರೆ ನಾಳೆ ನೀವು ನೇರವಾಗಿ ಒಂದು ಕ್ವೆರಿ ಬರೆಯೋಕೆ ಹೋದ್ರೆ ಪ್ರತಿ ಸಲ ಸಿಂಟ್ಯಾಕ್ಸ್ ಎರರ್. 'ಪೊಸಿಷನ್' ಅಂತ ಇಡಿ, ಟೈಪ್ ಇಂಟೀಜರ್ (ಪೂರ್ಣಾಂಕ).

ಲೈವ್ ಡೇಟಾ ಇರೋದ್ರಿಂದ ಮೈಗ್ರೇಶನ್ (ಟೇಬಲಿನ ರಚನೆ ಬದಲಾಯಿಸೋದು) ಒಂದೇ ಏಟಿಗೆ ಮಾಡ್ಬೇಡಿ. ಮೊದಲು ಕಾಲಂ ಅನ್ನ ನಲ್ (ಖಾಲಿ) ಇರೋ ಹಾಗೆ ಸೇರಿಸಿ. ಆಮೇಲೆ ರೋ ನಂಬರ್ ವಿಂಡೋ ಫಂಕ್ಷನ್ (ಸಾಲುಗಳಿಗೆ ಕ್ರಮಸಂಖ್ಯೆ ಕೊಡೋದು) ಬಳಸಿ, ಪತ್ರಿಕೆ ಐಡಿ ಮೇಲೆ ಪಾರ್ಟಿಶನ್ (ಗುಂಪು), ಐಡಿ ಮೇಲೆ ಆರ್ಡರ್, ಹೀಗೆ ಒಂದೊಂದು ಪತ್ರಿಕೆಗೂ 1, 2, 3 ಅಂತ ತುಂಬಿಸಿ. ಎಲ್ಲ ತುಂಬಿದ್ಮೇಲೆ ನಾಟ್ ನಲ್ ಮಾಡಿ. ಈಗ ಪರದೆ ಮೇಲೆ ಕಾಣ್ತಿರೋ ಕ್ರಮ ಎಲ್ಲೂ ಸೇವ್ ಆಗಿಲ್ಲ, ಮನೆಯವರು ಟೈಪ್ ಮಾಡಿದ ಕ್ರಮ ಐಡೀಲಿ ಉಳ್ಕೊಂಡಿದೆ, ಆದ್ರಿಂದ ಅದನ್ನೇ ನಂಬೋದು. ನಲ್ ಹಾಗೇ ಬಿಟ್ರೆ ಪೋಸ್ಟ್‌ಗ್ರೆಸ್ ಅದನ್ನ ಪಟ್ಟಿ ಕೊನೇಲಿ ಇಡುತ್ತೆ, ಮೈಎಸ್‌ಕ್ಯೂಎಲ್ ಮೊದಲಲ್ಲಿ ಇಡುತ್ತೆ, ಅದರ ಮೇಲೆ ಏನೂ ಕಟ್ಟೋಕೆ ಹೋಗ್ಬೇಡಿ. ಓದೋವಾಗ ಆರ್ಡರ್ ಬೈ ಪೊಸಿಷನ್, ಅದರ ಹಿಂದೆ ಐಡಿನೂ ಹಾಕಿ, ಎರಡು ಸಾಲಿಗೆ ಒಂದೇ ನಂಬರ್ ಬಿದ್ರೂ ಪುಟ ರಿಫ್ರೆಶ್ ಮಾಡಿದಾಗೆಲ್ಲ ಹೆಸರು ಅದಲು ಬದಲು ಆಗಲ್ಲ.

ಇನ್ನು ಎಳೆದಾಗ ಏನು ಮಾಡೋದು. ಊಟದ ಪಂಕ್ತೀಲಿ ಮಧ್ಯ ಒಬ್ರಿಗೆ ಜಾಗ ಮಾಡೋಕೆ ಉಳಿದವ್ರು ಒಂದೊಂದು ಎಲೆ ಸರಿದ ಹಾಗೆ, ಐದನೇ ಹೆಸರನ್ನ ಎರಡಕ್ಕೆ ತಂದ್ರೆ 2, 3, 4ರಲ್ಲಿ ಇದ್ದವ್ರು 3, 4, 5 ಆಗ್ತಾರೆ, ಎಳೆದ ಹೆಸರು 2 ಆಗುತ್ತೆ. ಇದನ್ನ ಎರಡು ಅಪ್‌ಡೇಟಲ್ಲಿ ಬರೀಬಹುದು. ಆದ್ರೆ ಮೇಲಿಂದ ಕೆಳಗೆ ಎಳೆದ್ರೆ ಲೆಕ್ಕ ಉಲ್ಟಾ, ಅಲ್ಲಿ ಒಂದು ಕಳೀಬೇಕು, ಗಡಿಯ ನಂಬರ್ ಸೇರುತ್ತಾ ಇಲ್ವಾ ಅಂತ ನೋಡ್ಬೇಕು, ಬಗ್ ಎಲ್ಲಾ ಹುಟ್ಟೋದು ಅಲ್ಲೇ.

ಅರವತ್ತು ಹೆಸರಿಗೆ ಅದರ ಅಗತ್ಯವೇ ಇಲ್ಲ ಅನ್ನೋದು ನನ್ನ ಖಚಿತ ಅಭಿಪ್ರಾಯ. ಎಳೆದು ಬಿಟ್ಟ ತಕ್ಷಣ ಬ್ರೌಸರ್ ಇಡೀ ಪಟ್ಟಿಯ ಐಡಿಗಳನ್ನ ಹೊಸ ಕ್ರಮದಲ್ಲಿ ಕಳಿಸ್ಲಿ, ಸರ್ವರ್ ಅದನ್ನ ಮೊದಲಿಂದ 1, 2, 3 ಅಂತ ಬರೆದು ಬಿಡ್ಲಿ. ಜಾಂಗೋದಲ್ಲಿ ಬಲ್ಕ್ ಅಪ್‌ಡೇಟ್ ಇದೆ, 2.2ರಿಂದ ಬಂದಿದ್ದು, ಅರವತ್ತು ಸಾಲು ಒಂದೇ ಕ್ವೇರೀಲಿ ಮುಗಿಯುತ್ತೆ.

ಬೈಟು_ಕಾಫಿ

ಸರ್, ಒಂದು ಹೆಸರು ಜರುಗಿಸೋಕೆ ಅರವತ್ತು ಸಾಲು ಬರೆಯೋದು ಯಾಕೆ? ನಂಬರ್‌ಗಳ ಮಧ್ಯ ಗ್ಯಾಪ್ ಬಿಡ್ಬಹುದಲ್ಲ, 1000, 2000, 3000 ಅಂತ, ಮಧ್ಯಕ್ಕೆ ಬಂದವ್ರಿಗೆ 1500 ಕೊಟ್ರೆ ಒಂದೇ ಸಾಲು ಬದಲಾಗೋದು. ಇಲ್ಲ ಅಂದ್ರೆ ಫ್ರಾಕ್ಷನಲ್ ಇಂಡೆಕ್ಸಿಂಗ್ ಇದೆ, ಎರಡು ಕೀಗಳ ಮಧ್ಯ ಬರೋ ಹಾಗೆ ಇನ್ನೊಂದು ಸ್ಟ್ರಿಂಗ್ ಹುಟ್ಟಿಸೋದು. ಫಿಗ್ಮಾದವ್ರು (ಡಿಸೈನ್ ಆ್ಯಪ್) ಇದನ್ನ ಬಳಸ್ತಾರೆ, ಜಿರಾದಲ್ಲೂ (ಕೆಲಸಗಳ ಪಟ್ಟಿ ಇಡೋ ಆ್ಯಪ್) ಲೆಕ್ಸೋರ‍್ಯಾಂಕ್ ಅಂತ ಇದೇ ಜಾತಿಯದ್ದು ಇದೆ.

ಹಳೇಮೈಸೂರು

ಒಳ್ಳೇ ವಿಧಾನಗಳೇ, ಆದ್ರೆ ಅವು ಹುಟ್ಟಿದ್ದು ಬೇರೆ ತೊಂದರೆಗೆ. ಜಿರಾದಲ್ಲಿ ಒಂದೊಂದು ಪಟ್ಟೀಲಿ ಸಾವಿರಾರು ಇಶ್ಯೂ ಇರುತ್ತೆ, ಫಿಗ್ಮಾದಲ್ಲಿ ಹತ್ತಾರು ಜನ ಒಂದೇ ಫೈಲಲ್ಲಿ ಒಟ್ಟಿಗೆ ಕೆಲಸ ಮಾಡ್ತಿರ್ತಾರೆ, ಅಲ್ಲಿ ಒಂದೇ ಸಾಲು ಬದಲಾಗೋದು ದೊಡ್ಡ ಲಾಭ.

ಗ್ಯಾಪ್ ವಿಷಯ ನೀವೇ ಲೆಕ್ಕ ಹಾಕಿ ನೋಡಿ. 1000ಕ್ಕೂ 2000ಕ್ಕೂ ಮಧ್ಯ, ಪ್ರತಿ ಸಲ 1000ದ ಪಕ್ಕಕ್ಕೇ ಹೊಸಬ್ರು ಬಂದ್ರೆ 1500, 1250, 1125, 1062, 1031, 1015, 1007, 1003, 1001. ಒಂಬತ್ತು ಸಲಕ್ಕೆ ಜಾಗ ಮುಗೀತು. ಲಗ್ನಪತ್ರಿಕೇಲಿ ಆಗೋದೂ ಹೀಗೇ, ಎಲ್ರೂ ಜರುಗೋದು ತಾತನ ಹೆಸರಿನ ಕೆಳಗಿನ ಜಾಗಕ್ಕೇ. ಜಾಗ ಮುಗಿದಾಗ ಇಡೀ ಪಟ್ಟಿಗೆ ಮತ್ತೆ ನಂಬರ್ ಹಾಕೋ ಕೋಡ್ ಹೇಗೂ ಬರೀಲೇಬೇಕು, ಅದೂ ಅಪರೂಪಕ್ಕೆ ಓಡೋ ಕೋಡ್, ಟೆಸ್ಟ್ ಆಗದೇ ಉಳಿಯೋ ಕೋಡ್. ಆ ಕೋಡನ್ನೇ ಪ್ರತಿ ಸಲ ಓಡಿಸಿ ಅಂತ ನಾನು ಹೇಳ್ತಿರೋದು. ಫ್ಲೋಟ್ (ದಶಮಾಂಶ ಸಂಖ್ಯೆ) ಹಾಕಿದ್ರೂ ಐವತ್ತು ಚಿಲ್ಲರೆ ಸಲ ಅರ್ಧ ಮಾಡೋಷ್ಟರಲ್ಲಿ ಡಬಲ್ (64 ಬಿಟ್ ಫ್ಲೋಟ್) ನಿಖರತೆ ಮುಗಿಯುತ್ತೆ.

ಸ್ಟ್ರಿಂಗ್ ಕೀ ಬಳಸೋರು ಕೊಲೇಶನ್ (ಅಕ್ಷರಗಳನ್ನ ಹೋಲಿಸಿ ಜೋಡಿಸೋ ನಿಯಮ) ನೋಡ್ಕೊಳ್ಲೇಬೇಕು. ಕೀನಲ್ಲಿ ದೊಡ್ಡಕ್ಷರ ಸಣ್ಣಕ್ಷರ ಎರಡೂ ಇದ್ರೆ ಪೋಸ್ಟ್‌ಗ್ರೆಸ್ಸಲ್ಲಿ ಆ ಕಾಲಂಗೆ ಸಿ ಕೊಲೇಶನ್ ಕೊಡಿ, ಮೈಎಸ್‌ಕ್ಯೂಎಲ್ 8ರ ಡಿಫಾಲ್ಟ್ ಕೊಲೇಶನ್ನಂತೂ ಎರಡನ್ನೂ ಒಂದೇ ಅಂತ ನೋಡುತ್ತೆ, ಕ್ರಮ ಸದ್ದಿಲ್ಲದೇ ಕೆಡುತ್ತೆ.

ಕರಾವಳಿ_ಕೋಡು

ಡೇಟಾಬೇಸ್ ಬಗ್ಗೆ ಮೇಲೆ ಹೇಳಿದ್ದು ಸಾಕು, ನಾನು ಪರದೆ ಕಡೆಯಿಂದ ಹೇಳ್ತೀನಿ. ನಿಮ್ಮ ಆ್ಯಪನ್ನ ಹೆಚ್ಚಿನವ್ರು ಫೋನಲ್ಲೇ ತೆರೀತಾರೆ ಅನ್ಕೋತೀನಿ, ಆದ್ರಿಂದ ಬ್ರೌಸರಿನ ಎಚ್‌ಟಿಎಂಎಲ್5 ಡ್ರ್ಯಾಗನ್ನೇ ನಂಬ್ಕೊಂಡು ಕೂರ್ಬೇಡಿ, ಟಚ್‌ನಲ್ಲಿ ಅದು ಕೈಕೊಡುತ್ತೆ. ಸಾರ್ಟಬಲ್‌ಜೆಎಸ್ ಅನ್ನೋ ಜಾವಾಸ್ಕ್ರಿಪ್ಟ್ ಲೈಬ್ರರಿ ಹಾಕಿ, ಅದು ಟಚ್‌ನೂ ನೋಡ್ಕೊಳ್ಳುತ್ತೆ, ಪ್ರತಿ ಸಾಲಿಗೂ ಡೇಟಾ ಐಡಿ ಕೊಟ್ರೆ ಟು ಅರೇ ಅನ್ನೋ ಒಂದೇ ಮಾತಿಗೆ ಹೊಸ ಕ್ರಮದ ಐಡಿ ಪಟ್ಟಿ ಕೈಗೆ ಬರುತ್ತೆ, ಹಳೇಮೈಸೂರು ಅವ್ರು ಕೇಳಿದ್ದು ಅದನ್ನೇ. ಎಳೆಯೋಕೆ ಸಾಲಿನ ಒಂದು ತುದೀಲಿ ಪ್ರತ್ಯೇಕ ಹಿಡಿ ಇಡಿ. ಇಡೀ ಸಾಲೇ ಎಳೆಯೋ ಹಾಗಿದ್ರೆ ಪುಟ ಸ್ಕ್ರೋಲ್ ಮಾಡೋಕೆ ಹೋದ ಬೆರಳಿಗೆ ದೊಡ್ಡಮ್ಮನ ಹೆಸರು ಅಂಟ್ಕೊಂಡು ಎಲ್ಲಿಗೋ ಹೋಗಿರುತ್ತೆ, ಅವ್ರಿಗೆ ಗೊತ್ತೂ ಆಗಲ್ಲ.

ಎಳೆಯೋದರ ಜೊತೆ ಮೇಲೆ, ಕೆಳಗೆ ಅಂತ ಎರಡು ಬಟನ್ ಖಂಡಿತ ಇರ್ಲಿ. ಕೈ ನಡುಗೋ ಹಿರಿಯರಿಗೆ, ಕೀಬೋರ್ಡ್ ಮಾತ್ರ ಬಳಸೋರಿಗೆ ಎಳೆಯೋದು ಆಗಲ್ಲ, 2023ರಲ್ಲಿ ಬಂದ ಡಬ್ಲ್ಯುಸಿಎಜಿ 2.2ರಲ್ಲಿ (ವೆಬ್ ಎಲ್ಲರಿಗೂ ಬಳಸೋಕಾಗ್ಬೇಕು ಅನ್ನೋ ಮಾರ್ಗಸೂಚಿ) ಎಳೆಯದೆಯೂ ಕೆಲಸ ಆಗ್ಬೇಕು ಅಂತ ನಿಯಮಾನೇ ಸೇರಿದೆ. ಐವತ್ತನೇ ಹೆಸರನ್ನ ಮೂರಕ್ಕೆ ತರೋರಿಗೆ ನಂಬರ್ ಟೈಪ್ ಮಾಡೋ ಚಿಕ್ಕ ಬಾಕ್ಸ್ ಇದ್ರೆ ಇನ್ನೂ ಒಳ್ಳೇದು.

ಇನ್ನೊಂದು, ಲಗ್ನಪತ್ರಿಕೇಲಿ ಹೆಸರುಗಳು ಬಹಳ ಸಲ ಎರಡು ಕಾಲಂನಲ್ಲಿ ಪ್ರಿಂಟ್ ಆಗುತ್ತೆ. ಎರಡನೇ ಹೆಸರು ಮೊದಲನೇದರ ಪಕ್ಕದಲ್ಲಿ ಬರುತ್ತಾ, ಕೆಳಗೆ ಬರುತ್ತಾ? ಸಿಎಸ್‌ಎಸ್ (ಪುಟದ ವಿನ್ಯಾಸದ ಭಾಷೆ) ಗ್ರಿಡ್ ಹಾಕಿದ್ರೆ ಮಾಮೂಲಾಗಿ ಪಕ್ಕಕ್ಕೆ ಹೋಗುತ್ತೆ, ಸಿಎಸ್‌ಎಸ್ ಕಾಲಮ್ಸ್ ಹಾಕಿದ್ರೆ ಮೊದಲ ಕಾಲಂ ಪೂರ್ತಿ ಕೆಳಗಿಳಿದು ಆಮೇಲೆ ಎರಡನೇ ಕಾಲಂ ತಲೆಗೆ. ಅಂದ್ರೆ ನಲವತ್ತು ಹೆಸರಲ್ಲಿ ಎರಡನೇ ಕಾಲಂನ ತಲೇಲಿ ಗ್ರಿಡ್ಡಲ್ಲಿ ಎರಡನೆಯವ್ರು, ಕಾಲಮ್ಸಲ್ಲಿ ಇಪ್ಪತ್ತೊಂದನೆಯವ್ರು. ಡೇಟಾಬೇಸಲ್ಲಿ ಕ್ರಮ ಸರಿ ಇದ್ದೂ ಕಾರ್ಡಲ್ಲಿ ಯಾರ್ಗೋ ಬೇಜಾರಾಗೋದು ಇಲ್ಲೇ. ಹೆಸರು ಜರುಗಿಸೋ ಪುಟದಲ್ಲೇ ಪ್ರಿಂಟ್ ಹೇಗೆ ಬರುತ್ತೆ ಅಂತ ಪಕ್ಕದಲ್ಲಿ ತೋರ್ಸಿ, ದಯವಿಟ್ಟು.

ತುಂಗಾತೀರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಎರಡು ಕಾಲಂ ವಿಷಯ ಬಹಳ ಉಪಯೋಗ ಆಯ್ತು. ಮೈಗ್ರೇಶನ್ ಮಾಡಿದೆ, ಹೆಸರು ಕೊನೆಗೆ ಓಡೋದು ನಿಂತಿದೆ.

ಇನ್ನು ಎರಡು ಕೇಳೋದಿದೆ. ಒಂದೇ ಪತ್ರಿಕೇನ ಊರಲ್ಲಿ ಅಪ್ಪ, ಬೆಂಗಳೂರಲ್ಲಿ ಮಗ ಇಬ್ರೂ ಒಟ್ಟಿಗೆ ತೆರೆದಿರ್ತಾರೆ. ಅಪ್ಪ ಚಿಕ್ಕಪ್ಪನ ಹೆಸರು ಸೇರಿಸ್ತಿರೋವಾಗ್ಲೇ ಮಗ ಪಟ್ಟಿ ಎಳೆದ್ರೆ ಏನು ಗತಿ? ಮತ್ತೆ ಪತ್ರಿಕೆ ಐಡಿ, ಪೊಸಿಷನ್ ಎರಡೂ ಸೇರಿ ಯುನೀಕ್ (ಎರಡು ಸಲ ಬರ್ಬಾರ್ದು) ಅಂತ ಕನ್‌ಸ್ಟ್ರೈಂಟ್ (ನಿರ್ಬಂಧ) ಹಾಕಿದೆ, ಆದ್ರೆ ಎಳೆದ ತಕ್ಷಣ ಡೂಪ್ಲಿಕೇಟ್ ಕೀ ಅಂತ ಎರರ್ ಬರ್ತಿದೆ, ಕೊನೇಲಿ ನಂಬರ್‌ಗಳು ಎಲ್ಲೂ ರಿಪೀಟ್ ಆಗ್ತಿಲ್ವಲ್ಲ?

ಹಳೇಮೈಸೂರು

ಎರಡನೇದು ಮೊದಲು ಹೇಳ್ತೀನಿ. ಪೋಸ್ಟ್‌ಗ್ರೆಸ್ ಮಾಮೂಲಿ ಯುನೀಕನ್ನ ಒಂದೊಂದು ಸಾಲು ಬರೆದಾಗ್ಲೂ ನೋಡುತ್ತೆ. 2 ಇದ್ದವ್ರನ್ನ 3 ಮಾಡೋ ಹೊತ್ತಿಗೆ ಹಳೇ 3 ಇನ್ನೂ ಅಲ್ಲೇ ಇರ್ತಾರೆ, ಎರರ್. ಕನ್‌ಸ್ಟ್ರೈಂಟನ್ನ ಡಿಫರಬಲ್ (ಮುಂದೂಡಬಹುದಾದ್ದು) ಮಾಡಿ, ಜಾಂಗೋ 3.1ರಿಂದ ಯುನೀಕ್ ಕನ್‌ಸ್ಟ್ರೈಂಟಿಗೆ ಆ ಆಯ್ಕೆ ಇದೆ, ಡಿಫರ್ಡ್ ಅಂತ ಕೊಟ್ರೆ ಕಮಿಟ್ (ಬದಲಾವಣೆ ಖಾಯಂ) ಆಗೋವಾಗ ಒಂದೇ ಸಲ ನೋಡುತ್ತೆ. ಡಿಫರಬಲ್ ಮಾಡಿದ್ಮೇಲೆ ಆ ಕನ್‌ಸ್ಟ್ರೈಂಟ್ ಮೇಲೆ ಆನ್ ಕಾನ್‌ಫ್ಲಿಕ್ಟ್ (ಡೂಪ್ಲಿಕೇಟ್ ಬಂದ್ರೆ ಏನು ಮಾಡ್ಬೇಕು ಅಂತ ಹೇಳೋದು) ಬಳಸೋಕೆ ಆಗಲ್ಲ, ನಿಮಗೆ ಅದು ಬೇಕಾಗೋದೂ ಇಲ್ಲ.

ಅಪ್ಪ ಮಗನ ವಿಷಯ ಇದಕ್ಕಿಂತ ಗಂಭೀರ. ಕ್ರಮ ಬದಲಾಯಿಸೋದು, ಸೇರಿಸೋದು, ಅಳಿಸೋದು ಮೂರಕ್ಕೂ ಮೊದಲು ಒಂದು ಟ್ರಾನ್ಸಾಕ್ಷನ್ (ಎಲ್ಲಾ ಆಗ್ಬೇಕು, ಇಲ್ಲ ಏನೂ ಆಗ್ಬಾರ್ದು ಅನ್ನೋ ಕಟ್ಟು) ತೆರೆದು ಪತ್ರಿಕೆಯ ಸಾಲನ್ನೇ ಸೆಲೆಕ್ಟ್ ಫಾರ್ ಅಪ್‌ಡೇಟ್ ಹಾಕಿ ಲಾಕ್ ಮಾಡಿ ಹಿಡ್ಕೊಳ್ಳಿ, ಹೆಸರುಗಳ ಸಾಲನ್ನಲ್ಲ. ಹೆಸರುಗಳನ್ನ ಬೇರೆ ಬೇರೆ ಕ್ರಮದಲ್ಲಿ ಲಾಕ್ ಮಾಡೋಕೆ ಹೋದ್ರೆ ಇಬ್ರೂ ಒಬ್ಬರಿಗೊಬ್ರು ಕಾಯ್ತಾ ಡೆಡ್‌ಲಾಕ್ ಆಗುತ್ತೆ. ಹೊಸ ಹೆಸರಿಗೆ ಇರೋದ್ರಲ್ಲಿ ದೊಡ್ಡ ನಂಬರಿಗೆ ಒಂದು ಸೇರಿಸಿ ಕೊಡೋದೂ ಈ ಲಾಕ್ ಒಳಗೇ ಆಗ್ಬೇಕು, ಇಲ್ಲಾಂದ್ರೆ ಇಬ್ರಿಗೂ ಒಂದೇ ನಂಬರ್ ಸಿಗುತ್ತೆ.

ಲಾಕ್ ಹಿಡಿದ್ಮೇಲೆ, ಮಗನ ಬ್ರೌಸರಿಂದ ಬಂದ ಐಡಿಗಳೂ ಡೇಟಾಬೇಸಲ್ಲಿ ಆ ಪತ್ರಿಕೆಗೆ ಇರೋ ಐಡಿಗಳೂ ತಾಳೆ ಆಗುತ್ತಾ ನೋಡಿ. ಚಿಕ್ಕಪ್ಪನ ಐಡಿ ಮಗನ ಪಟ್ಟೀಲಿ ಇರಲ್ಲ, ಅಲ್ಲಿಗೇ ನಿಲ್ಸಿ 409 (ಘರ್ಷಣೆ ಅನ್ನೋ ಎಚ್‌ಟಿಟಿಪಿ ಉತ್ತರ) ಕಳಿಸಿ, 'ಪಟ್ಟಿ ಬದಲಾಗಿದೆ, ಒಮ್ಮೆ ನೋಡಿ' ಅಂತ ಹೊಸ ಪಟ್ಟಿ ತೋರ್ಸಿ. ಈ ಒಂದು ಚೆಕ್ಕಿಂದ ಬೇರೆಯವ್ರ ಪತ್ರಿಕೆಯ ಐಡಿ ತುರುಕೋ ಕಿಡಿಗೇಡಿಗಳೂ ಹೊರಗೇ ಉಳೀತಾರೆ. ಇಬ್ರೂ ಬರೀ ಎಳೆದಿದ್ರೆ ಐಡಿಗಳು ಒಂದೇ ಇರೋದ್ರಿಂದ ಇದು ಸಾಲ್ದು, ಅದಕ್ಕೆ ಪತ್ರಿಕೆಯ ಸಾಲಲ್ಲಿ ವರ್ಶನ್ ಅಂತ ಒಂದು ಇಂಟೀಜರ್ ಇಟ್ಟು ಪ್ರತಿ ಬದಲಾವಣೆಗೂ ಒಂದು ಹೆಚ್ಚಿಸಿ, ಬ್ರೌಸರ್ ತಾನು ನೋಡಿದ ವರ್ಶನ್ ಕಳಿಸ್ಲಿ, ಹೊಂದಿಲ್ಲ ಅಂದ್ರೆ ಅದೇ 409. ಕೊನೇಲಿ ಬರೆದವ್ರದ್ದೇ ಗೆಲ್ಲಲಿ ಅಂತ ಬಿಡೋದು ಬೇರೆ ಆ್ಯಪಲ್ಲಿ ನಡೆಯುತ್ತೆ, ಇಲ್ಲಿ ಅಪ್ಪ ಕೂತು ಸರಿ ಮಾಡಿದ್ದ ಕ್ರಮ ಅಳಿಸಿ ಹೋಗಿದ್ದು ಪ್ರಿಂಟ್ ಆಗಿ ಬಂದ್ಮೇಲೇ ಗೊತ್ತಾಗೋದು.

ವರನ ಕಡೆ ವಧುವಿನ ಕಡೆ ಅಂತ ಎರಡು ಪಟ್ಟಿ ಇದ್ರೆ 'ಕಡೆ' ಕಾಲಂನೂ ಯುನೀಕಲ್ಲಿ ಸೇರಿಸಿ, ಮೈಗ್ರೇಶನ್ನಲ್ಲಿ ಪಾರ್ಟಿಶನ್ ಕೂಡ ಎರಡರ ಮೇಲೂ ಇರ್ಲಿ. ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಹೆಸರು ಎಳೆದ್ರೆ ಎರಡೂ ಪಟ್ಟಿ ಒಂದೇ ಟ್ರಾನ್ಸಾಕ್ಷನ್ನಲ್ಲಿ ಬರೀರಿ.