ಕುದುರೆಗೆ ಮತ್ತೆ ಮತ್ತೆ ಹೊಟ್ಟೆನೋವು, ಲದ್ದಿ ಪರೀಕ್ಷೆಯಲ್ಲಿ ಏನೂ ಸಿಗುತ್ತಿಲ್ಲ

ಪ್ರಶ್ನೆ (ತುಮಕೂರು):
ಎಂಟು ವರ್ಷದ ಹೆಣ್ಣು ಕುದುರೆ. ಹಗಲೆಲ್ಲ ತೆಂಗಿನ ತೋಟದಲ್ಲಿ ಮೇಯುತ್ತದೆ. ಒಂದೇ ತಿಂಗಳಲ್ಲಿ ಮೂರು ಸಲ ಹೊಟ್ಟೆನೋವು ಬಂದಿದೆ. ಮುಂಗಾಲಿನಿಂದ ನೆಲ ಕೆರೆಯುತ್ತದೆ, ಪಕ್ಕೆ ತಿರುಗಿ ನೋಡುತ್ತದೆ, ಮಲಗಿ ಏಳುತ್ತದೆ. ಪಶುವೈದ್ಯರು ಚುಚ್ಚುಮದ್ದು ಕೊಟ್ಟ ಮೇಲೆ ಇಳಿಯುತ್ತದೆ. ಎರಡು ತಿಂಗಳ ಹಿಂದೆ ಜಂತುಹುಳುವಿಗೆಂದು ಐವರ್‌ಮೆಕ್ಟಿನ್ ಮದ್ದು ಕೊಟ್ಟಿದ್ದೇನೆ. ಲದ್ದಿಯಲ್ಲಿ ಹುಳುವಿನ ಮೊಟ್ಟೆಯಿಲ್ಲ ಎಂದು ವರದಿ ಬಂದಿದೆ. ಹುರುಳಿಯನ್ನು ಅರ್ಧಕ್ಕೆ ಇಳಿಸಿದರೂ ಮೊನ್ನೆ ಮತ್ತೆ ಒದ್ದಾಡಿತು. ರಾತ್ರಿಯೆಲ್ಲ ಲಾಯದಲ್ಲೇ ಕುಳಿತಿದ್ದೆ.

ಉತ್ತರ (ಕುಣಿಗಲ್):
ಅಣ್ಣಾ, ಲಾಡಿಹುಳುವನ್ನು ಅನುಮಾನಿಸಿ. ಐವರ್‌ಮೆಕ್ಟಿನ್ ಅದನ್ನು ಮುಟ್ಟುವುದೇ ಇಲ್ಲ, ಫೆನ್‌ಬೆಂಡಜೋಲ್ ಕೂಡ ಅಷ್ಟೇ. ವರದಿಯನ್ನೂ ನಂಬಿ ಕೂರಬೇಡಿ. ಈ ಹುಳುವಿನ ಮೊಟ್ಟೆಗಳು ಅದರ ಮೈಯಿಂದ ಕಳಚುವ ತುಂಡುಗಳೊಳಗೆ ಸೇರಿಕೊಂಡು ಆಗೊಮ್ಮೆ ಈಗೊಮ್ಮೆ ಹೊರಬೀಳುತ್ತವೆ. ಒಂದು ಹಿಡಿ ಲದ್ದಿಯಲ್ಲಿ ಸಿಗದಿರುವುದೇ ಹೆಚ್ಚು.

ಹುಳು ಬರುವುದು ಹುಲ್ಲಿನಿಂದ. ಮಣ್ಣಿನಲ್ಲಿರುವ ಸಣ್ಣ ನುಸಿಗಳು (ತೆಂಗಿನಕಾಯಿಯ ನುಸಿಯಲ್ಲ, ಬೇರೆ ಜಾತಿ) ಲದ್ದಿಯ ಮೊಟ್ಟೆಯನ್ನು ತಿನ್ನುತ್ತವೆ. ಎರಡರಿಂದ ನಾಲ್ಕು ತಿಂಗಳಲ್ಲಿ ಅವುಗಳೊಳಗೆ ಮರಿ ಬೆಳೆಯುತ್ತದೆ. ಕುದುರೆ ಹುಲ್ಲಿನ ಜೊತೆಗೆ ನುಸಿಯನ್ನೂ ನುಂಗುತ್ತದೆ. ಸಣ್ಣಕರುಳು ದೊಡ್ಡಕರುಳನ್ನು ಸೇರುವ ಕಡೆ ಹುಳುಗಳು ಗುಂಪಾಗಿ ಕಚ್ಚಿಕೊಂಡು ಹುಣ್ಣು ಮಾಡುತ್ತವೆ. ದಾರಿ ಕಿರಿದಾಗಿ ಮೇವು ಕಟ್ಟಿಕೊಳ್ಳಬಹುದು, ಕರುಳಿನೊಳಗೆ ಕರುಳು ತೂರಲೂಬಹುದು. ಆದ್ದರಿಂದ ತಡ ಮಾಡಬೇಡಿ.

ಮದ್ದು ಪ್ರಾಜಿಕ್ವಾಂಟೆಲ್, ದೇಹತೂಕದ ಕಿಲೋಗೆ 1.5 ಮಿಲಿಗ್ರಾಂ. ಪೈರಾಂಟೆಲ್ ಆದರೆ ದುಂಡುಹುಳುವಿಗೆ ಕೊಡುವ ಪ್ರಮಾಣದ ಎರಡರಷ್ಟು ಬೇಕು. ನೋವಿನಿಂದ ಒದ್ದಾಡುತ್ತಿರುವಾಗ ಕೊಡಬೇಡಿ. ಆಗ ಮೊದಲು ಪಶುವೈದ್ಯರನ್ನು ಕರೆಯಿರಿ.

ಉತ್ತರ (ಗೌರಿಬಿದನೂರು):
ತೂಕವನ್ನು ಕಣ್ಣಂದಾಜಿನಲ್ಲಿ ಹೇಳಬೇಡಿ, ಕಡಿಮೆ ಹೇಳುವವರೇ ಹೆಚ್ಚು. ಎದೆಯ ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಭುಜದ ತುದಿಯಿಂದ ಪೃಷ್ಠದ ತುದಿಯವರೆಗಿನ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಸುತ್ತಳತೆ 160, ಉದ್ದ 145 ಸೆಂಟಿಮೀಟರ್ ಇದ್ದರೆ ಸುಮಾರು 312 ಕಿಲೋ. ಮದ್ದು ಕೊಟ್ಟ ಮರುದಿನದ ಲದ್ದಿಯನ್ನು ಪರೀಕ್ಷೆಗೆ ಕಳುಹಿಸಿ; ಸಾಯುವ ಹುಳುಗಳು ಮೊಟ್ಟೆ ಚೆಲ್ಲುವುದರಿಂದ ಆಗ ಸಿಗುವ ಸಾಧ್ಯತೆ ಹೆಚ್ಚು.

ಪ್ರಶ್ನೆ ಕೇಳಿದವರು:
ಪಶುವೈದ್ಯರು ಒಪ್ಪಿದರು. ಟೇಪಿನಲ್ಲಿ ಅಳೆದಾಗ 340 ಕಿಲೋ ಬಂತು. ನಾನು ಅಂದುಕೊಂಡಿದ್ದು 280. ಮರುದಿನದ ಲದ್ದಿಯಲ್ಲಿ ಲಾಡಿಹುಳುವಿನ ಮೊಟ್ಟೆಗಳು ಕಂಡವು. ಐದು ವಾರಗಳಿಂದ ನೋವು ಬಂದಿಲ್ಲ. ತೋಟದ ಲದ್ದಿಯನ್ನು ವಾರಕ್ಕೆ ಎರಡು ಸಲ ಎತ್ತಿ ಗುಂಡಿಗೆ ಹಾಕುತ್ತಿದ್ದೇನೆ. ನುಸಿ ಹುಲ್ಲಿನಲ್ಲಿ ಇದ್ದೇ ಇರುತ್ತದೆಯಲ್ಲವೇ, ಮುಂದಿನ ಸುತ್ತಿನ ಮದ್ದು ಯಾವಾಗ?

ಉತ್ತರ (ಕುಣಿಗಲ್):
ನುಂಗಿದ ಮರಿ ಬಲಿಯಲು ಆರರಿಂದ ಹತ್ತು ವಾರ ಬೇಕು. ಮೂರು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿ, ಅದನ್ನು ನೋಡಿ ಪಶುವೈದ್ಯರು ನಿರ್ಧರಿಸಲಿ.