ಗುಜರಿಗೆ ಹೋಗ್ತಿದ್ದ ರ‍್ಯಾಲಿ ಟ್ವೆಂಟಿ ಸಿಕ್ಕಿದೆ, ಮೊದಲು ಯಾವುದಕ್ಕೆ ಕೈ ಹಾಕ್ಲಿ?

ತುಕ್ಕುರಾಯ:
ಎಲ್ಲರಿಗೂ ನಮಸ್ಕಾರ. ಗುಜರಿಗೆ ಹಾಕೋಕೆ ಅಂತ ಇಟ್ಟಿದ್ದ ಒಂದು ಹಳೇ ಚಿಕ್ಕ ಚಕ್ರದ ಸೈಕಲ್ಲನ್ನ ಕೇಳಿ ಎತ್ಕೊಂಡು ಬಂದಿದೀನಿ. ರ‍್ಯಾಲಿ ಟ್ವೆಂಟಿ, ಮಡಚೋ ಮಾಡೆಲ್ಲು, ಮಧ್ಯದಲ್ಲಿ ಹಿಂಜ್ ಇದೆ. ಹಿಂದಿನ ಹಬ್ (ಚಕ್ರದ ನಡುವಿನ ಭಾಗ, ಮೂರು ಗೇರೂ ಇದರೊಳಗೇ ಇವೆ) ಮೇಲೆ ಸ್ಟರ್ಮಿ ಆರ್ಚರ್ ಎ ಡಬ್ಲ್ಯು ಅಂತ ಕಂಪನಿ, ಮಾಡೆಲ್ ಹೆಸರು ಇದೆ, ಅದರ ಜೊತೆಗೇ 74, 5 ಅಂತಾನೂ ಒತ್ತಿದಾರೆ, ಅದೇನು ಅಂತ ಗೊತ್ತಾಗ್ಲಿಲ್ಲ. ಪರಿಸ್ಥಿತಿ ಹೇಳ್ಬೇಕಂದ್ರೆ ಸೀಟ್ ಪೈಪು ಜಾಮ್, ಟೈರುಗಳು ಮುಟ್ಟಿದ್ರೆ ಉದುರ್ತಿವೆ, ಹ್ಯಾಂಡಲ್ ತಿರುಗಿಸೋಕೆ ಬಿಗಿ, ಹಿಂದಿನ ಚಕ್ರ ಎತ್ತಿಕೊಂಡು ಕೈಯಲ್ಲಿ ಪೆಡಲ್ ತಿರುಗಿಸಿದ್ರೆ ಎರಡನೇ ಗೇರಲ್ಲಿ ಒಂದೊಂದ್ಸಲ ಚಕ್ರ ತಿರುಗೋದೇ ಇಲ್ಲ, ಪೆಡಲ್ ಖಾಲಿ ಸುತ್ತತ್ತೆ. ಹಬ್ ಹೋಗಿದೆ ಅಂತ ಅರ್ಥಾನಾ? ಟೈರು 20 ಇಂಚು ಅಂತ ಹೇಳಿ ತಗೊಂಡ್ರೆ ಸಾಕಾ? ಮನೇಲಿ ಎಲ್ಲರೂ ಮೊದಲು ಪೇಂಟ್ ಕೆರೆದು ಹೊಸ ಬಣ್ಣ ಹೊಡಿ ಅಂತಿದಾರೆ. ಇನ್ನೊಂದು, ಇಷ್ಟು ಚಿಕ್ಕ ಚಕ್ರದಲ್ಲಿ ನಿಜವಾಗ್ಲೂ ಒಂದಿಷ್ಟು ದೂರ ಹೋಗ್ಬಹುದಾ, ಇಲ್ಲ ಬರೀ ಫೋಟೋಗೆ ಚೆನ್ನಾಗಿರತ್ತಾ?

ಮೂರನೇಗೇರು:
ಪೇಂಟ್ ವಿಷ್ಯ ಸದ್ಯಕ್ಕೆ ಮರೆತುಬಿಡಿ ಸಾರ್. 74 5 ಅಂದ್ರೆ ಆ ಹಬ್ ತಯಾರಾಗಿದ್ದು 1974ರ ಮೇ ತಿಂಗಳಲ್ಲಿ, ವರ್ಷ ತಿಂಗಳು ಒತ್ತೋದು ಅವರ ಪದ್ಧತಿ. ಚಕ್ರ ಯಾವಾಗಾದ್ರೂ ಬದಲಾಗಿರದಿದ್ರೆ ಸೈಕಲ್ಲೂ ಹೆಚ್ಚುಕಮ್ಮಿ ಅದೇ ವಯಸ್ಸಿಂದು.

ಹಬ್ ಹೋಗಿರೋ ಚಾನ್ಸ್ ತೀರಾ ಕಮ್ಮಿ. ಎ ಡಬ್ಲ್ಯು ಹಬ್ 1936ರಲ್ಲಿ ಬಂದ ಡಿಸೈನು, ಒಳಗೆ ಎಣ್ಣೆ ಒಣಗಿ ಅಂಟಾಗಿರತ್ತೆ ಅಷ್ಟೇ, ಸಾಯೋದು ಅಪರೂಪ. ಹಬ್ ಮೈಮೇಲೆ ಸಣ್ಣ ಮುಚ್ಚಳ ಇರೋ ಎಣ್ಣೆ ತೂತು ಇರತ್ತೆ, ಅದರೊಳಗೆ ತೆಳು ಮೆಷಿನ್ ಎಣ್ಣೆ ಧಾರಾಳವಾಗಿ ಬಿಟ್ಟು ಚಕ್ರ ತಿರುಗಿಸ್ತಾ ಇರಿ, ರಾತ್ರಿಯಿಡೀ ಬಿಡಿ, ಕಪ್ಪಗೆ ಹೊರಗೆ ಬರತ್ತೆ, ಮತ್ತೆ ಹಾಕಿ. ತುಕ್ಕು ಬಿಡಿಸೋ ಸ್ಪ್ರೇ ಹೊಡೆದು ಇದೇ ಎಣ್ಣೆ ಅಂದ್ಕೋಬೇಡಿ, ಅದು ಬಿಡಿಸೋಕೆ ಸರಿ, ಒಳಗೆ ಉಳಿಯಲ್ಲ.

ಈಗ ಖಾಲಿ ಸುತ್ತೋದು. ಆ ಹಬ್ಬಲ್ಲಿ ಎರಡಕ್ಕೂ ಮೂರಕ್ಕೂ ಮಧ್ಯ ಒಂದು ನ್ಯೂಟ್ರಲ್ ಜಾಗ ಇದೆ. ಕೇಬಲ್ ಎಳೆದಷ್ಟೂ ಕೆಳಗಿನ ಗೇರು, ಪೂರ್ತಿ ಸಡಿಲ ಬಿಟ್ರೆ ಮೂರನೇದು. ಹಾಗಾಗಿ ಕೇಬಲ್ ಲೂಸಾಗಿದ್ರೆ ಎರಡನೇ ಗೇರು ಜಾರಿ ನೇರ ಆ ನ್ಯೂಟ್ರಲ್ಲಿಗೆ ಬೀಳತ್ತೆ. ಸರಿ ಮಾಡೋದು ಹೀಗೆ: ಗೇರ್ ಕೇಬಲ್ ಸಿಕ್ಕಿಸೋ ಹಬ್ಬಿನ ಸಣ್ಣ ಚೈನನ್ನ ಕೈಯಲ್ಲೇ ಪೂರ್ತಿ ಒಳಗೆ ತಿರುಗಿಸಿ, ಕೇಬಲ್ ಕಡೆಗೆ ನೇರ ಆಗೋಕೆ ಬೇಕಿದ್ರೆ ಅರ್ಧ ಸುತ್ತು ಹಿಂದಕ್ಕೆ ಬಿಡಿ, ಅದಕ್ಕಿಂತ ಬೇಡ. ಗೇರ್ ಲಿವರ್ ಎರಡರಲ್ಲಿ ಇಟ್ಟು ಬಲಗಡೆ ನಟ್ಟಿನ ಕಿಂಡಿಯಲ್ಲಿ ನೋಡಿ, ಆ ಚೈನ್ ಸಿಕ್ಕಿಸಿರೋ ಕಡ್ಡಿಯ ತುದಿ ಆಕ್ಸಲ್ ತುದಿಗೆ ಸಮ ಇರ್ಬೇಕು. ಇದು ಸರಿಯಾಗೋ ತನಕ ದಯವಿಟ್ಟು ಎದ್ದು ನಿಂತು ತುಳಿಯೋಕೆ ಹೋಗ್ಬೇಡಿ, ಭಾರ ಎಲ್ಲ ಹಾಕಿದಾಗ ಪೆಡಲ್ ಕೆಳಗೆ ಏನೂ ಇಲ್ದಂಗಾದ್ರೆ ಹಲ್ಲು ಹ್ಯಾಂಡಲ್ಲಿಗೇ ಹೋಗಿ ಬಡಿಯೋದು.

ಅಳತೆಪಟ್ಟಿ:
ಟೈರ್ ಬಗ್ಗೆ ನಾನು ಹೇಳ್ತೀನಿ. 20 ಇಂಚು ಅನ್ನೋ ಮಾತಿಗೆ ಬೆಲೆನೇ ಇಲ್ಲ. ಈಗಿನ ಬಿಎಂಎಕ್ಸ್ (ಚಿಕ್ಕ ಚಕ್ರದ ಸ್ಟಂಟ್ ಸೈಕಲ್) ಟೈರು, ಬಹಳಷ್ಟು ಮಡಚೋ ಸೈಕಲ್ ಟೈರು 406, ಟ್ವೆಂಟಿಗೆ ಸಾಮಾನ್ಯವಾಗಿ ಬರೋದು 451, ಅಂದ್ರೆ ರಿಮ್ ಮೇಲೆ ಟೈರ್ ಕೂರೋ ಜಾಗದ ವ್ಯಾಸ, ಮಿಲಿಮೀಟರ್ ಲೆಕ್ಕ. ಎರಡರ ಮೇಲೂ 20 ಅಂತಾನೇ ಬರೆದಿರ್ತಾರೆ, ಒಂದರದ್ದು ಇನ್ನೊಂದಕ್ಕೆ ಜಪ್ಪಯ್ಯ ಅಂದ್ರೂ ಕೂರಲ್ಲ. ಹಳೇ ಟೈರ್ ಎಸೆಯೋಕೆ ಮುಂಚೆ ಪಕ್ಕದಲ್ಲಿ 37-451 ಥರ ನಂಬರ್ (ಮೊದಲನೇದು ಟೈರ್ ಅಗಲ) ಇದ್ಯಾ ನೋಡಿ, ಅಳಿಸಿಹೋಗಿದ್ರೆ ರಿಮ್ಮನ್ನೇ ಅಳೆಯಿರಿ.

ಇರೋದು ಕ್ರೋಮ್ ಸ್ಟೀಲ್ ರಿಮ್ ಆದ್ರೆ ಅದನ್ನ ಅಲ್ಯೂಮಿನಿಯಂಗೆ ಬದಲಾಯಿಸೋದೇ ಈ ಸೈಕಲ್ಲಿಗೆ ಮಾಡ್ಬಹುದಾದ ಅತಿ ದೊಡ್ಡ ಉಪಕಾರ ಅನ್ನೋದು ನನ್ನ ಅಭಿಪ್ರಾಯ. ಒದ್ದೆ ಕ್ರೋಮ್ ಮೇಲೆ ಬ್ರೇಕ್ ಹಿಡಿಯೋದೇ ಇಲ್ಲ, ಲಿವರ್ ಒತ್ತಿ ಸುಮ್ನೆ ದೇವರನ್ನ ನೆನೆಯೋದು. 406 ರಿಮ್ ಹಾಕಿದ್ರೆ ಟೈರ್ ಆಯ್ಕೆ ಜಾಸ್ತಿ, ಆದ್ರೆ ರಿಮ್ ಇಪ್ಪತ್ತೆರಡೂವರೆ ಮಿಲಿಮೀಟರ್ ಕೆಳಗೆ ಹೋಗತ್ತೆ, ಅಲ್ಲಿಗೆ ಮುಟ್ಟೋ ಉದ್ದ ಕೈಯ ಬ್ರೇಕ್ ಬೇಕಾಗತ್ತೆ. 451 ಅಲ್ಯೂಮಿನಿಯಂ ರಿಮ್ ಸಿಕ್ರೆ ಆ ತಲೆನೋವೇ ಇಲ್ಲ.

ಗ್ರೀಸ್‌ಕೈ:
ರಿಮ್ಮೂ ಬ್ರೇಕೂ ಎಲ್ಲ ಆಮೇಲೆ, ಮೊದಲು ಆ ಹಿಂಜ್ ಸುತ್ತ ಬಟ್ಟೆಯಿಂದ ಒರೆಸಿ ವೆಲ್ಡಿಂಗ್ ಹತ್ರ ಬಿರುಕು ಇದ್ಯಾ ನೋಡಿ ಮಾರಾಯ್ರೆ. ಕೂದಲೆಳೆಯಷ್ಟು ಗೆರೆ ಇದ್ರೂ ಉಳಿದ ಯಾವ ಕೆಲಸಕ್ಕೂ ಅರ್ಥ ಇಲ್ಲ. ಹೊಸ ಪೇಂಟ್ ಹೊಡೆದ್ರೆ ಇಂಥವೇ ಮುಚ್ಚಿಹೋಗೋದು, ನಾನು ಪೇಂಟ್ ಬೇಡ ಅನ್ನೋಕೆ ಅದೂ ಒಂದು ಕಾರಣ. ಆ ಕಾಲದ ಬಣ್ಣದಲ್ಲಿ ಸೀಸ ಇರೋ ಸಾಧ್ಯತೆನೂ ಇದೆ, ಒಣ ಉಪ್ಪುಕಾಗದ ಹಾಕಿ ಧೂಳು ಎಬ್ಬಿಸ್ಬೇಡಿ. ಕ್ರೋಮ್ ಮೇಲಿನ ತುಕ್ಕಿಗೆ ಅಲ್ಯೂಮಿನಿಯಂ ಫಾಯಿಲ್ ಉಂಡೆ ಮಾಡಿ ನೀರಲ್ಲಿ ಅದ್ದಿ ಉಜ್ಜಿ, ಸಾಕು.

ಸೀಟ್ ಪೈಪು ಸ್ಟೀಲು, ಫ್ರೇಮೂ ಸ್ಟೀಲು, ಹಾಗಾಗಿ ಬರತ್ತೆ. ಬೋಲ್ಟ್ ಪೂರ್ತಿ ಸಡಿಲ ಮಾಡಿ ತುಕ್ಕಿನ ಎಣ್ಣೆ ಬಿಟ್ಟು ತಾಳ್ಮೆಯಿಂದ ಕಾಯಿರಿ, ಆಮೇಲೆ ಸೀಟು ಹಿಡ್ಕೊಂಡು ಎಳೆಯೋದಲ್ಲ, ತಿರುಚೋದು. ಹ್ಯಾಂಡಲ್ ಬಿಗಿ ಇರೋದಕ್ಕೆ ಗಾಬರಿ ಆಗ್ಬೇಡಿ, ಟ್ವೆಂಟಿಯಲ್ಲಿ ಮೇಲ್ಗಡೆ ಬಾಲ್ ಬೇರಿಂಗೇ ಇಲ್ಲ, ನೈಲಾನ್ ಬುಷ್ ಇದೆ, ಸ್ವಲ್ಪ ಬಿಗಿ ಇರೋದು ಅದರ ಜಾಯಮಾನ. ಬಿಚ್ಚಿ ಒರೆಸಿ ತೆಳ್ಳಗೆ ಗ್ರೀಸ್ ಹಚ್ಚಿ.

ಪೆಡಲ್ ಕ್ರಾಂಕಿನ ಕಾಟರ್ ಪಿನ್ (ಪೆಡಲ್ ಕೈಯನ್ನ ಅದರ ಆಕ್ಸಲ್ಲಿಗೆ ಹಿಡಿದಿಡೋ ಬೆಣೆ) ತೆಗೀಬೇಕಾದ್ರೆ ಮಾತ್ರ ಹುಷಾರು. ಪಿನ್ ಒತ್ತಿ ತೆಗೆಯೋ ಪ್ರೆಸ್ ಸಿಕ್ರೆ ಪ್ರೆಸ್ಸೇ ಬೆಸ್ಟು. ಸುತ್ತಿಗೇನೇ ಗತಿ ಅಂದ್ರೆ ಕ್ರಾಂಕ್ ಕೆಳಗೆ ನೆಲಕ್ಕೆ ತಾಗೋ ಹಾಗೆ ಗಟ್ಟಿ ಪೈಪ್ ಕೊಟ್ಟು ಹೊಡೀರಿ, ಇಲ್ಲಾಂದ್ರೆ ಏಟೆಲ್ಲ ಬೇರಿಂಗಿಗೆ ಹೋಗಿ ಬಾಲ್ಸ್ ಕೂರೋ ಕಪ್ಪಲ್ಲಿ ಗುಳಿ ಬೀಳತ್ತೆ. ಇದನ್ನೆಲ್ಲ ಕಿತ್ತೆಸೆದು ಹೊಸ ಕಾರ್ಟ್ರಿಡ್ಜ್ (ಆಕ್ಸಲ್ಲೂ ಬೇರಿಂಗೂ ಒಟ್ಟಿಗೇ ಬರೋ ರೆಡಿ ಸೆಟ್) ಹಾಕ್ತೀನಿ ಅಂತ ಹೊರಟ್ರೆ ಅಲ್ಲೂ ರ‍್ಯಾಲಿಯವರ ಕಿತಾಪತಿ ಇದೆ, ಅದು ಕೂರೋ ಫ್ರೇಮಿನ ಪೈಪಲ್ಲಿ ಎಲ್ಲರದ್ದೂ ಇಂಚಿಗೆ 24 ಮರೆ (ಸ್ಕ್ರೂ ಸುತ್ತು) ಆದ್ರೆ ಇವರದ್ದು 26, ಪೈಪಿನ ಅಗಲ 68ರ ಬದಲು 76 ಮಿಲಿಮೀಟರ್. ಮಾಮೂಲಿ ಕಾರ್ಟ್ರಿಡ್ಜ್ ಕೂರಲ್ಲ. ಹಳೇದನ್ನೇ ತೊಳೆದು, ಹೊಸ ಬಾಲ್ಸ್ ಹಾಕಿ, ಗ್ರೀಸ್ ತುಂಬಿ.

ಅಳತೆಪಟ್ಟಿ:
@ಗ್ರೀಸ್‌ಕೈ ಹಿಂಜ್ ಮಾತು ಒಪ್ಪಿದೆ. ಆದ್ರೆ ಬ್ರೇಕ್ ಆಮೇಲೆ ಅನ್ನೋದು ಒಪ್ಪಲ್ಲ, ನಿಲ್ಲದಿರೋ ಸೈಕಲ್ಲಿಗೆ ಬೇರಿಂಗ್ ನುಣ್ಣಗಿದ್ದು ಏನು ಪ್ರಯೋಜನ :)

ಮೂರನೇಗೇರು:
ದೂರದ ಪ್ರಶ್ನೆಗೆ ಯಾರೂ ಉತ್ತರ ಕೊಡ್ಲಿಲ್ಲ. ಚಕ್ರ ಚಿಕ್ಕದಾದ್ರೆ ನಿಧಾನ ಅನ್ನೋದು ಅರ್ಧ ಸತ್ಯ. 1962ರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಅಲೆಕ್ಸ್ ಮೌಲ್ಟನ್ ರಬ್ಬರ್ ಸಸ್ಪೆನ್ಷನ್ ಹಾಕಿ 16 ಇಂಚಿನ ಸೈಕಲ್ ತಂದ್ರಲ್ಲ, ಅದೇ ವರ್ಷ ಸೈಕಲ್ ರೇಸರ್ ಜಾನ್ ವುಡ್‌ಬರ್ನ್ ಅದರಲ್ಲೇ ಕಾರ್ಡಿಫ್‌ನಿಂದ ಲಂಡನ್‌ವರೆಗಿನ ರೆಕಾರ್ಡ್ ಮುರಿದ್ರು. ಅದಕ್ಕೆ ಪೈಪೋಟಿಗೆ ರ‍್ಯಾಲಿಯವರು 1965ರಲ್ಲಿ ತಂದ ಆರ್‌ಎಸ್‌ಡಬ್ಲ್ಯು 16 ಅನ್ನೋ ಚಿಕ್ಕ ಚಕ್ರದ ಸೈಕಲ್ಲಲ್ಲಿ ಸಸ್ಪೆನ್ಷನ್ ಬದಲು ದಪ್ಪ ಬಲೂನ್ ಟೈರ್ ಹಾಕಿದ್ರು, ಅದು ನಿಜಕ್ಕೂ ತುಳಿಯೋಕೆ ಭಾರ. ಅಂದ್ರೆ ತಪ್ಪು ಚಕ್ರದ ಸೈಜಿಂದಲ್ಲ, ಟೈರಿಂದು. ಒಳ್ಳೇ ಟೈರಿಗೆ ಸರಿಯಾಗಿ ಗಾಳಿ ಹೊಡೆದ್ರೆ ಟ್ವೆಂಟಿ ಆರಾಮಾಗಿ ಓಡತ್ತೆ.

ಗೇರಿನ ಲೆಕ್ಕ ಬೇಕಂದ್ರೆ, ಮುಂದಿನ ಹಲ್ಲನ್ನ ಹಿಂದಿನ ಹಲ್ಲಿಂದ ಭಾಗಿಸಿ ಚಕ್ರದ 20 ಇಂಚಿಂದ ಗುಣಿಸೋದು, ಕಮ್ಮಿ ಬಂದಷ್ಟೂ ತುಳಿಯೋಕೆ ಹಗುರ. ಮುಂದೆ 46 ಹಿಂದೆ 16 ಹಲ್ಲು ಇದ್ರೆ, ಎರಡನೇ ಗೇರು 57 ಇಂಚು ಚಿಲ್ಲರೆ, ಒಂದನೇದು ಅದರ ಮುಕ್ಕಾಲು ಅಂದ್ರೆ 43, ಮೂರನೇದು 77ರ ಹತ್ರ. ಏರು ಜಾಸ್ತಿ ಇರೋ ಕಡೆ ಹಿಂದೆ 18 ಹಾಕಿ, 38, 51, 68 ಆಗತ್ತೆ. ಒಂದು ಸ್ಪ್ರಿಂಗ್ ರಿಂಗ್ ಎಬ್ಬಿಸಿದ್ರೆ ಸ್ಪ್ರಾಕೆಟ್ (ಹಿಂದಿನ ಹಲ್ಲುಚಕ್ರ) ಕೈಗೆ ಬರತ್ತೆ, ದೊಡ್ಡ ಕೆಲಸ ಏನಲ್ಲ. ಓಡಿಸುವಾಗ ಒಂದೇ ವ್ಯತ್ಯಾಸ, ಹ್ಯಾಂಡಲ್ ಚುರುಕು, ದೊಡ್ಡ ಸೈಕಲ್ ಹಾರಿಸೋ ಗುಂಡಿಗೆ ಇದು ಇಳಿದೇಬಿಡತ್ತೆ. ಕಣ್ಣು ಇನ್ನೂ ಮುಂದೆ ಇರ್ಲಿ, ಕೈ ಬಿಟ್ಟು ಓಡಿಸೋ ಶೋಕಿ ಬೇಡ.

ತುಕ್ಕುರಾಯ:
ಎಲ್ಲರಿಗೂ ಥ್ಯಾಂಕ್ಸ್. ಹಿಂಜ್ ಹತ್ರ ಬಿರುಕು ಇಲ್ಲ. ರಿಮ್ ಅಳೆದೆ, 451ಏ. ಕೇಬಲ್ ಬಿಗಿ ಮಾಡಿದ್ಮೇಲೆ ಎರಡನೇ ಗೇರು ಕೂತಿದೆ, ಹಬ್ಬಿಂದ ಬಂದ ಎಣ್ಣೆ ಡಾಂಬರ್ ಥರ ಇತ್ತು. ಎಡಗಡೆ ಕಾಟರ್ ಪಿನ್ ಬಂತು, ಬಲಗಡೇದು ಬಗ್ಗಿಹೋಗಿತ್ತು, ಅದನ್ನೂ ತೆಗೆದೆ. ಈಗ ಹೊಸ ಪಿನ್ನು ಯಾವ ಕಡೆಯಿಂದ ಹಾಕೋದು?

ಗ್ರೀಸ್‌ಕೈ:
ಒಂದಕ್ಕೊಂದು ಉಲ್ಟಾ. ಎಡ ಪೆಡಲ್ ಕೆಳಗಿದ್ದಾಗ ಅದರ ನಟ್ಟು ಯಾವ ಕಡೆ ಇರತ್ತೋ, ಬಲ ಪೆಡಲ್ ಕೆಳಗೆ ಬಂದಾಗ ಅದರ ನಟ್ಟೂ ಅದೇ ಕಡೆ ಇರ್ಬೇಕು, ಇಲ್ಲಾಂದ್ರೆ ಎರಡೂ ಪೆಡಲ್ ಒಂದೇ ಗೆರೇಲಿ ನಿಲ್ಲಲ್ಲ. 9.5 ಮಿಲಿಮೀಟರ್ ಪಿನ್ನೇ ಕೇಳಿ, 9ರದ್ದು ಕೊಟ್ರೆ ವಾಪಸ್ ಕೊಡಿ. ನಟ್ಟಿನ ಬಲದಿಂದ ಪಿನ್ ಎಳೆಯೋಕೆ ಹೋಗ್ಬೇಡಿ, ಮರೆ ಹಾಳಾಗತ್ತೆ, ಒತ್ತಿ ಕೂರಿಸಿ ಆಮೇಲೆ ನಟ್ಟು. ಸ್ವಲ್ಪ ದೂರ ಓಡಿಸಿ ಬಂದು ಮತ್ತೊಂದ್ಸಲ ಬಿಗಿ ಮಾಡಿ.