ಪದಚರ್ಚೆ: ‘ಕೊಬ್ಬಿನ ಹಂಚಿಕೆ’ ಸರಿಯೆ?

ಪ್ರಶ್ನೆ: ಮೈಯಲ್ಲಿ ಕೊಬ್ಬು ಎಲ್ಲೆಲ್ಲಿ ಎಷ್ಟೆಷ್ಟು ಸೇರಿಕೊಂಡಿದೆ ಎಂಬುದಕ್ಕೂ ರಕ್ತದಲ್ಲಿನ ವಿಟಮಿನ್ ಡಿ ಮಟ್ಟಕ್ಕೂ ಇರುವ ನಂಟನ್ನು ವಿವರಿಸುವ ಕರಪತ್ರವೊಂದನ್ನು ಅನುವಾದಿಸುತ್ತಿದ್ದೇನೆ. ಶೀರ್ಷಿಕೆಯಲ್ಲಿ ‘ಕೊಬ್ಬಿನ ಹಂಚಿಕೆ’ ಎಂದಿದ್ದೇನೆ. ಒಳಗೆ ‘ಬೊಜ್ಜು’, ‘ಕಾರಣ’, ಕೊಬ್ಬು ವಿಟಮಿನ್ ಡಿಯನ್ನು ‘ನಾಶಮಾಡುತ್ತದೆ’ ಎಂಬ ಮಾತುಗಳೂ ಇವೆ. ಕೊಬ್ಬಿಗೆ ‘ಮೇದಸ್ಸು’, ವಿಟಮಿನ್‌ಗೆ ‘ಅನ್ನಾಂಗ’ ಎಂದೇ ಬರೆಯಬೇಕೆಂದು ಪರಿಶೀಲಕರ ಒತ್ತಾಯ. ನಾಳೆ ಸಂಜೆಯೊಳಗೆ ಅಚ್ಚಿಗೆ ಕೊಡಬೇಕಾಗಿದೆ.

ಉತ್ತರ: ‘ಹಂಚಿಕೆ’ ಬೇಡ. ಹಂಚುವುದಕ್ಕೆ ಹಂಚುವವನೊಬ್ಬ ಬೇಕು; ‘ಹಂಚಿಕೆ ಹೂಡಿದ’ ಎಂಬಲ್ಲಿ ಅದು ಉಪಾಯವೂ ಆಗುತ್ತದೆ. ಕೊಬ್ಬು ತಾನಾಗಿ ಹರಡಿಕೊಳ್ಳುವಂಥದ್ದು. ಹಳಗನ್ನಡದ ‘ಪರಪು’ವಿನಿಂದ ‘ಹರಹು’ ಆಗಿ ಬಂದ ‘ಹರವು’ ಇದಕ್ಕೆ ಹೇಳಿಮಾಡಿಸಿದ ಮಾತು.

‘ಬೊಜ್ಜು’ ಎಂಬುದನ್ನೂ ಎಲ್ಲೆಂದರಲ್ಲಿ ಬಳಸಬೇಡಿ. ತೊಗಲಡಿಯ ಕೊಬ್ಬು ಬೇರೆ, ಕರುಳು ಮತ್ತು ಯಕೃತ್ತಿನ ಸುತ್ತ ಕೂಡುವ ಒಳಾಂಗದ ಕೊಬ್ಬು ಬೇರೆ. ಒಟ್ಟು ತೂಕವನ್ನು ಲೆಕ್ಕಕ್ಕೆ ಹಿಡಿದ ಮೇಲೂ, ಒಳಾಂಗದ ಕೊಬ್ಬು ಹೆಚ್ಚಿದ್ದವರಲ್ಲಿ ವಿಟಮಿನ್ ಡಿ ಕಡಿಮೆ ಇರುವುದು ಅಧ್ಯಯನಗಳಲ್ಲಿ ಕಂಡುಬಂದಿರುವಾಗ, ಎರಡನ್ನೂ ಒಂದೇ ಹೆಸರಿನಿಂದ ಕರೆದರೆ ಕರಪತ್ರದ ತಿರುಳೇ ಅಳಿದುಹೋಗುತ್ತದೆ. ಕೊಬ್ಬು ಈ ಜೀವಸತ್ವವನ್ನು ‘ನಾಶಮಾಡುತ್ತದೆ’ ಎಂಬ ಮಾತನ್ನೂ ತೆಗೆಯಿರಿ. ವಿಟಮಿನ್ ಡಿ ಕೊಬ್ಬಿನಲ್ಲಿ ಕರಗುವುದರಿಂದ ಅಲ್ಲಿ ಸೇರಿಕೊಂಡು ಉಳಿಯುತ್ತದೆ, ಮೈ ದೊಡ್ಡದಾದಷ್ಟೂ ತೆಳುವಾಗಿ ಹರಡಿಕೊಳ್ಳುತ್ತದೆ, ನಾಶವಾಗುವುದಿಲ್ಲ. ‘ಕಾರಣ’ ಎಂಬ ಪದದಲ್ಲಿಯೂ ಎಚ್ಚರವಿರಲಿ: ವಂಶವಾಹಿಗಳನ್ನು ಆಧರಿಸಿದ 2013ರ ದೊಡ್ಡ ಅಧ್ಯಯನವೊಂದು, ಮೈತೂಕ ಏರಿದರೆ ವಿಟಮಿನ್ ಡಿ ಇಳಿಯುತ್ತದೆ ಎಂಬುದಕ್ಕೆ ಆಧಾರ ಕೊಟ್ಟಿತೇ ಹೊರತು, ವಿಟಮಿನ್ ಡಿ ಇಳಿದುದರಿಂದ ತೂಕ ಏರುತ್ತದೆ ಎಂಬುದಕ್ಕೆ ಅಲ್ಲ. ನಿಮ್ಮ ವಾಕ್ಯ ಎರಡೂ ಕಡೆಗೆ ಅರ್ಥ ಕೊಡುವಂತಿರಬಾರದು.

ಇನ್ನು ‘ಅನ್ನಾಂಗ’. ಹೆಚ್ಚಿನ ಪಾಲು ಬಿಸಿಲಿನ ನೆರವಿನಿಂದ ಚರ್ಮದಲ್ಲಿಯೇ ತಯಾರಾಗುವ ವಸ್ತುವನ್ನು ಅನ್ನದ ಅಂಗವೆಂದು ಕರೆಯುವುದು ಹೇಗೆ? ಜೀವರಸಾಯನ ವಿಜ್ಞಾನಿ ಕಾಸಿಮಿರ್ ಫಂಕ್ 1912ರಲ್ಲಿ ಜೀವ ಎಂಬರ್ಥದ ಲ್ಯಾಟಿನ್ ‘ವೀಟಾ’ಕ್ಕೆ ‘ಅಮೈನ್’ (ಸಾರಜನಕವುಳ್ಳ ಒಂದು ಬಗೆಯ ರಾಸಾಯನಿಕ) ಸೇರಿಸಿ ಕಟ್ಟಿದ ‘ವಿಟಮಿನ್’ ಎಂಬ ಮೂಲಪದವೂ ಕರಾರುವಾಕ್ಕಾದುದಲ್ಲ, ಏಕೆಂದರೆ ವಿಟಮಿನ್ ಡಿ ಅಮೈನ್ ಅಲ್ಲವೇ ಅಲ್ಲ; ಆದರೆ ಅದು ಎಲ್ಲರ ನಾಲಗೆಯ ಮೇಲಿದೆ. ‘ಮೇದಸ್ಸು’ ಸಹ ಸಂಸ್ಕೃತದಿಂದ ಬಂದ ಎರವಲೇ. ತಿಳಿದ ಎರವಲನ್ನು ಕಿತ್ತು ತಿಳಿಯದ ಎರವಲನ್ನು ನೆಡುವುದನ್ನು ಕನ್ನಡತನವೆಂದು ನಾನು ಒಪ್ಪಲಾರೆ.

ಮತ್ತೊಂದು ಉತ್ತರ: ‘ಹರವು’ ಸಲ್ಲದು. ಕೆರೆಯ ಹರವು ಎಂದಾಗ ಅದರ ವಿಸ್ತಾರ ತಿಳಿಯುತ್ತದೆ. ಎಲ್ಲಿ ಎಷ್ಟು ಎಂಬುದು ತಿಳಿಯುವುದಿಲ್ಲ. ವ್ಯುತ್ಪತ್ತಿ ಸೊಗಸಾಗಿದ್ದ ಮಾತ್ರಕ್ಕೆ ಅರ್ಥ ಕೂಡಿಬರುವುದಿಲ್ಲ. ಒಂದೇ ಪದಕ್ಕಾಗಿ ಹಟ ಹಿಡಿಯದೆ, ‘ಕೊಬ್ಬು ಸೇರುವ ಜಾಗ ಮತ್ತು ವಿಟಮಿನ್ ಡಿ ಮಟ್ಟ’ ಎಂದು ಬಿಡಿಸಿ ಬರೆದು ಅಚ್ಚಿಗೆ ಕಳುಹಿಸಿ.